ಇಂಥ ವಿದ್ಯಾರ್ಥಿಯನ್ನು ನಾನು ಕಂಡಿಲ್ಲ

ಅಂದಿನ ಅನಾಹುತಕ್ಕೆಲ್ಲ ಮೂಲ ಒಂದು ಖಾಕಿ ಕವರು. ಮೂರು ಬೇರೆ ಬೇರೆ ಕಡೆ ಹೋಗಬೇಕಾಗಿದ್ದ ಮೂರು ಅರ್ಜಿಗಳನ್ನು ಶಾಲೆಯ ಗುಮಾಸ್ತರು ಒಂದೇ ಕವರಿಗೆ ತುರುಕಿ, ಒಂದೇ ಕಡೆ ಕೊಟ್ಟು ಬಂದಿದ್ದರು. ಕೊಟ್ಟು ಬಂದವರು ಸುಮ್ಮನಿರದೆ ಬೆಳಿಗ್ಗೆ ಹತ್ತು ಗಂಟೆಗೆ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, ದೊಡ್ಡ ಉಪಕಾರ ಮಾಡಿದವರ ಗತ್ತಿನಲ್ಲಿ ಅದನ್ನು ಸಾರಿಯೂ ಬಿಟ್ಟರು.

“ಮೇಷ್ಟ್ರೇ, ನಿಮ್ಮ ಸ್ಕಾಲರ್‌ಶಿಪ್ ಮಕ್ಕಳ ಕೆಲಸ ನಿನ್ನೆನೇ ಮುಗಿಸಿಬಿಟ್ಟೆ. ಮೂರನ್ನೂ ಆ ಹೊಸ ಟ್ರಸ್ಟ್‌ಗೇ ಹಾಕಿದೀನಿ. ಮೂರು ಕಡೆ ಯಾರು ಅಲೀತಾರೆ? ಒಂದೇ ಕವರು, ಒಂದೇ ರಸೀತಿ.”

ಭೂಗೋಳದ ಮೇಷ್ಟ್ರು ಬಾಯಿಗೆ ತಂದಿದ್ದ ಚಹಾವನ್ನು ಹಾಗೆಯೇ ಮೇಜಿನ ಮೇಲಿಟ್ಟರು.

ಅವರನ್ನು ಮಕ್ಕಳು ಗ್ಲೋಬ್ ಮೇಷ್ಟ್ರು ಎಂದು ಕರೆಯುತ್ತಿದ್ದರು. ದಿನಾ ಗ್ಲೋಬನ್ನು ಕಂಕುಳಲ್ಲಿ ಇಟ್ಟುಕೊಂಡು ತರಗತಿಗೆ ಬರುವುದರಿಂದ ಆ ಹೆಸರು ಬಂತು ಎಂದು ಅವರು ನಂಬಿದ್ದರು. ಅವರ ತಲೆಯನ್ನು ಹಿಂದಿನಿಂದ ನೋಡಿದವರಿಗೆ ಬೇರೆ ಕಾರಣ ಗೊತ್ತಿತ್ತು. ಇಪ್ಪತ್ತೊಂಬತ್ತು ವರ್ಷದ ಸರ್ವಿಸಿನಲ್ಲಿ ಪಾಠದ ಜೊತೆಗೆ ಯಾರೂ ಹೇಳದ ಒಂದು ಕೆಲಸವನ್ನು ಅವರು ಮೈಮೇಲೆ ಎಳೆದುಕೊಂಡಿದ್ದರು. ನಕ್ಷೆಗಳ ಕೋಣೆಯ ಕಬ್ಬಿಣದ ಬೀರುವಿನಲ್ಲಿ ಯಾವ ಸಂಘ ಯಾವ ಮಕ್ಕಳಿಗೆ ಸ್ಕಾಲರ್‌ಶಿಪ್ ಕೊಡುತ್ತದೆ ಎಂಬುದರ ಪೇಪರ್ ಕಟಿಂಗುಗಳನ್ನು ಅಂಟಿಸಿಟ್ಟಿದ್ದರು. ಎತ್ತರದ ಹುಡುಗಿಯರಿಗೆ, ಗಡಿಯಾರ ರಿಪೇರಿಯವರ ಮಕ್ಕಳಿಗೆ, ತೊದಲುವವರಿಗೆ, ಯಾರಿಗೇ ಆಗಲಿ, ಆ ಬೀರುವಿನಲ್ಲಿ ಒಂದಲ್ಲ ಒಂದು ಚೀಟಿ ಇರುತ್ತಿತ್ತು. ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಅರ್ಜಿ ತುಂಬುವುದು ಹೇಗೆ, ಸಂದರ್ಶನದಲ್ಲಿ ಕುರ್ಚಿಯ ತುದಿಯಲ್ಲಿ ಕೂರದೆ ಸರಿಯಾಗಿ ಕೂರುವುದು ಹೇಗೆ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಮರ್ಯಾದೆಯಾಗಿ ಹೇಳುವುದು ಹೇಗೆ, ಎಲ್ಲ ಕಲಿಸುತ್ತಿದ್ದರು.

ಅವರಿಗೆ ಇದ್ದದ್ದು ಒಂದೇ ದೋಷ. ಇಲ್ಲ ಎನ್ನಲು ಅವರಿಗೆ ಬಾಯಿ ಬರುತ್ತಿರಲಿಲ್ಲ. ಯಾವ ಮಗು ಬಂದು ಶಿಫಾರಸು ಪತ್ರ ಕೇಳಿದರೂ ಬರೆದುಕೊಡುತ್ತಿದ್ದರು, ಮತ್ತು ಪ್ರತಿ ಪತ್ರದ ಕೊನೆಯಲ್ಲಿ ಅದೇ ವಾಕ್ಯ ಬಂದು ಕೂರುತ್ತಿತ್ತು: “ನನ್ನ ಇಷ್ಟು ವರ್ಷಗಳ ಸೇವೆಯಲ್ಲಿ ಇಂಥ ವಿದ್ಯಾರ್ಥಿಯನ್ನು ನಾನು ಕಂಡಿಲ್ಲ.” ಇದು ಸುಳ್ಳು ಬರೆಯಬೇಕೆಂದು ಬರೆದದ್ದಲ್ಲ. ಮಗು ಎದುರಿಗೆ ನಿಂತು, ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತಾ ಕಾಯುವಾಗ, ಬರೆಯುವ ಆ ಐದು ನಿಮಿಷ ಅದು ಅವರ ಪಾಲಿಗೆ ಅಪ್ಪಟ ನಿಜವೇ ಆಗಿರುತ್ತಿತ್ತು. ಪತ್ರಗಳು ಬೇರೆ ಬೇರೆ ಊರಿನ ಬೇರೆ ಬೇರೆ ಕಚೇರಿಗಳಿಗೆ ಹೋಗುತ್ತಿದ್ದುದರಿಂದ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಈಗ ಮೂರು ಪತ್ರಗಳು ಒಂದೇ ಮೇಜಿಗೆ ಹೋಗಿದ್ದವು. ಒಂದು ಟೈಲರ್ ಮಗಳದು. ಉಳಿದ ಎರಡು ಬೇಕರಿಯವರ ಅವಳಿ ಹುಡುಗರದು. ಆ ಇಬ್ಬರನ್ನು ಹೆತ್ತ ತಾಯಿಯೇ ಎರಡು ಸಲ ನೋಡಿ ಗುರುತು ಹಿಡಿಯುತ್ತಿದ್ದಳು. ಅಂಥವರಲ್ಲಿ ಒಬ್ಬೊಬ್ಬನ ಬಗ್ಗೆಯೂ, ಫೋಟೋ ಲಗತ್ತಿಸಿ, ಇಂಥ ವಿದ್ಯಾರ್ಥಿಯನ್ನು ನಾನು ಕಂಡಿಲ್ಲ ಎಂದು ಮೇಷ್ಟ್ರು ಸಹಿ ಹಾಕಿದ್ದರು.

ಅವರು ಟ್ರಸ್ಟಿನ ನಿಯಮಗಳ ಹಾಳೆಯನ್ನು ಬೀರುವಿನಿಂದ ತಂದು ಓದಿದರು. ಒಂದು ಶಾಲೆಗೆ ಒಂದೇ ಸ್ಕಾಲರ್‌ಶಿಪ್. ದಾಖಲಾದ ಅರ್ಜಿಯನ್ನು ಹಿಂದಕ್ಕೆ ಕೊಡುವುದಿಲ್ಲ. ಒಂದೇ ಶಾಲೆಯ ಶಿಫಾರಸು ಪತ್ರಗಳು ಒಂದೇ ಒಕ್ಕಣೆಯಲ್ಲಿದ್ದರೆ ಆ ಶಾಲೆಯ ಅರ್ಜಿಗಳನ್ನೆಲ್ಲ ತಿರಸ್ಕರಿಸಲಾಗುವುದು. ಸಭೆ ಇವತ್ತೇ ಮಧ್ಯಾಹ್ನ ಮೂರಕ್ಕೆ.

ಅವಳಿಗಳ ಚಿಂತೆ ಅವರಿಗಿರಲಿಲ್ಲ. ಬೀರುವಿನಲ್ಲಿ ಆ ಹುಡುಗರಿಗೆ ಬೇರೆ ಎರಡು ದಾರಿಗಳಿದ್ದವು. ಟೈಲರ್ ಮಗಳಿಗೆ ಇದ್ದದ್ದು ಇದೊಂದೇ. ಅವಳ ಅಪ್ಪನಿಗೆ ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸುವುದೂ ಕಷ್ಟವಾಗಿತ್ತು. ಹೋದ ವಾರ ಅವನು ಮೇಷ್ಟ್ರ ಪ್ಯಾಂಟಿನ ಅಳತೆ ತೆಗೆಯುತ್ತಾ ನಿರ್ವಿಕಾರವಾಗಿ ಹೇಳಿದ್ದ: “ಸ್ಕಾಲರ್‌ಶಿಪ್ ಬಂದ್ರೆ ಕಾಲೇಜು ಸಾರ್, ಇಲ್ಲಾಂದ್ರೆ ಕಾಜಾ.” ಮುಂದಿನ ತಿಂಗಳಿಂದ ಅಂಗಡಿಯಲ್ಲಿ ಕೂತು ಶರ್ಟುಗಳ ಗುಂಡಿತೂತಿಗೆ ಕಾಜಾ ಹಾಕಲಿ ಎಂದು ಅವಳಿಗೊಂದು ಸ್ಟೂಲನ್ನೂ ಮಾಡಿಸಿಟ್ಟಿದ್ದ. ಆ ಸ್ಟೂಲು ಮೇಷ್ಟ್ರ ಕಣ್ಣಿಗೆ ಕಟ್ಟಿದಂತಿತ್ತು. ಪ್ಯಾಂಟು ಬಿಗಿಯಾಗಿದ್ದರೂ ಆಮೇಲೆ ಆ ಅಂಗಡಿಗೆ ಹೋಗಲು ಅವರಿಗೆ ಮನಸ್ಸಾಗಿರಲಿಲ್ಲ.

“ಆ ಸ್ಟೂಲಿನ ಮೇಲೆ ಅವಳು ಕೂರಬಾರದು,” ಎಂದು ಅವರು ಎದ್ದು ನಿಂತರು. “ಪತ್ರ ಬದಲಾಯಿಸ್ತೀನಿ.”

ಸ್ಟಾಫ್ ರೂಮಿನಲ್ಲಿ ಒಬ್ಬರು ಎದ್ದು ನಿಂತರೆ ಇನ್ನೊಬ್ಬರು ಪಕ್ಕಕ್ಕೆ ಬರದೆ ಇರುತ್ತಾರೆಯೇ? ಗಣಿತದ ಮೇಷ್ಟ್ರು ಕುರ್ಚಿ ಎಳೆದುಕೊಂಡು ಬಂದರು. ಅವರು ಗ್ಲೋಬ್ ಮೇಷ್ಟ್ರ ಪಕ್ಕದ ಮನೆಯವರು ಕೂಡ, ಹಾಗಾಗಿ ಮೂಗು ತೂರಿಸುವ ಹಕ್ಕು ಅವರಿಗೆ ಎರಡು ಕಡೆಯಿಂದ ಬಂದಿತ್ತು. ಅವಳಿಗಳ ಪತ್ರ ಮಾತ್ರ ಬದಲಿಸಿ, ಹುಡುಗಿಯದನ್ನು ಹಾಗೇ ಬಿಡೋಣ ಎಂದು ಗ್ಲೋಬ್ ಮೇಷ್ಟ್ರು ಯೋಚಿಸುತ್ತಿದ್ದಾಗಲೇ ಗಣಿತದವರು ಆಫೀಸಿನಿಂದ ಹಳೆಯ ಪತ್ರಗಳ ನಕಲು ಫೈಲನ್ನು ತರಿಸಿ, ಬೆರಳಿಗೆ ಉಗುಳು ಹಚ್ಚಿ ಎಣಿಸತೊಡಗಿದರು.

“ಇನ್ನೂರ ಹದಿನಾಲ್ಕು,” ಎಂದರು ಎಣಿಸಿ ಮುಗಿಸಿ. “ಇಂಥವರನ್ನ ಕಂಡೇ ಇಲ್ಲ ಅಂತ ಇನ್ನೂರ ಹದಿನಾಲ್ಕು ಸಲ ಬರೆದಿದೀರಿ. ಇದರಲ್ಲಿ ಒಂದಾದ್ರೂ ಆ ಸಮಿತಿಯವರ ಕಣ್ಣಿಗೆ ಬಿದ್ದಿರಲ್ವಾ? ಬಿದ್ದಿರೋ ಸಂಭವ ಎಷ್ಟು ಅಂತ ಬೇಕಾದ್ರೆ ಲೆಕ್ಕ ಮಾಡಿ ತೋರಿಸ್ತೀನಿ.”

ಲೆಕ್ಕ ತೋರಿಸುವುದು ಬೇಡ ಎಂದು ಗ್ಲೋಬ್ ಮೇಷ್ಟ್ರು ಸೋತರು. ಇನ್ನು ಜನ್ಮದಲ್ಲಿ ಆ ವಾಕ್ಯ ಬರೆಯುವುದಿಲ್ಲ, ಇರುವುದನ್ನು ಇದ್ದಹಾಗೆ ಬರೆಯುತ್ತೇನೆ ಎಂದು ನಿರ್ಧಾರ ಮಾಡಿ ಪೆನ್ನು ತೆಗೆದರು. ಟೈಲರ್ ಮಗಳ ಬಗ್ಗೆ ‘ಅತ್ಯಂತ ಚುರುಕು ಬುದ್ಧಿಯವಳು’ ಎಂದು ಬರೆದರೆ, ಅತ್ಯಂತ ಅಂದರೆ ಎಷ್ಟು ಎಂದು ಗಣಿತದ ಮೇಷ್ಟ್ರು ಕೇಳಿದರು. ‘ಅತ್ಯಂತ’ ಹೋಯಿತು. ‘ಚುರುಕು ಬುದ್ಧಿ’ಗೆ ಆಧಾರವೇನು ಎಂದರು. ಅದೂ ಹೋಯಿತು. ಒಂದು ಗಂಟೆಯ ಹೊತ್ತಿಗೆ ಉಳಿದದ್ದು ಇಷ್ಟು: ‘ಈ ವಿದ್ಯಾರ್ಥಿನಿ ನೂರಕ್ಕೆ ಎಂಬತ್ತೇಳು ಅಂಕ ಪಡೆದಿದ್ದಾಳೆ. ನಕ್ಷೆಗಳನ್ನು ತಪ್ಪಿಲ್ಲದೆ ಬರೆಯುತ್ತಾಳೆ. ಶಾಲೆಗೆ ಆಗಾಗ ತಡವಾಗಿ ಬರುತ್ತಾಳೆ. ಕಾಲೇಜು ಸೇರಿದರೆ ಓದಬಹುದು.’ ಅವಳಿಗಳ ಪತ್ರಗಳು ಇನ್ನೂ ಒಣಗಿದ್ದವು. ಅವನ್ನು ಬೇರೆ ಮಾಡಲು ಒಬ್ಬನಿಗೆ ಗಟ್ಟಿ ದನಿ, ಇನ್ನೊಬ್ಬನಿಗೆ ನೆಗಡಿ ಎಂದು ಸೇರಿಸಬೇಕಾಯಿತು.

ಇನ್ನು ಶಾಲೆಯ ಸೀಲು ಬೇಕು, ಅರ್ಧ ದಿನದ ರಜೆ ಬೇಕು. ಸೀಲನ್ನು ಮೇಷ್ಟ್ರೇ ಒತ್ತಿಕೊಂಡರು. ಗುಮಾಸ್ತರು ಒತ್ತಿದರೆ ಅದು ಯಾವಾಗಲೂ ತಲೆಕೆಳಗಾಗಿಯೇ ಬೀಳುತ್ತಿತ್ತು. ಭೂಗೋಳದವರಿಗೆ ಕನಿಷ್ಠ ಮೇಲೆ ಕೆಳಗೆ ಗೊತ್ತಿರುತ್ತದೆ. ರಜೆ ಮಾತ್ರ ಕಷ್ಟವಾಯಿತು. ನಿಜ ಹೇಳಿದರೆ ಗುಮಾಸ್ತರ ತಲೆ ಹೋಗುತ್ತಿತ್ತು. ಹೋದ ತಿಂಗಳಷ್ಟೇ ಹೆಡ್‌ಮಿಸ್ಟ್ರೆಸ್ ಮೇಡಂ ಗುಮಾಸ್ತರಿಗೆ ಇದು ಕೊನೆಯ ಎಚ್ಚರಿಕೆ ಎಂದು ಬರೆದುಕೊಟ್ಟಿದ್ದರು. ಹಾಗಾಗಿ ಮೇಷ್ಟ್ರು ಕೆನ್ನೆ ಹಿಡಿದುಕೊಂಡು, ಹಲ್ಲುನೋವು ಎಂದರು.

ಆ ಶಾಲೆಯಲ್ಲಿ ಹೊಟ್ಟೆನೋವು ಎನ್ನಬಹುದಿತ್ತು, ತಲೆನೋವು ಎನ್ನಬಹುದಿತ್ತು, ಹಲ್ಲುನೋವು ಎಂದು ಮಾತ್ರ ಅನ್ನಬಾರದಿತ್ತು. ಮೇಡಂ ಅವರ ಸ್ವಂತ ತಮ್ಮ ಹಲ್ಲಿನ ಡಾಕ್ಟರು.

“ನೋವಿಟ್ಕೊಂಡು ಪಾಠ ಮಾಡ್ತಿದ್ರಾ ಇಷ್ಟು ಹೊತ್ತು?” ಎಂದು ಕರಗಿ ಹೋದ ಮೇಡಂ ಅಲ್ಲೇ ತಮ್ಮನಿಗೆ ಫೋನು ಮಾಡಿ, ನಮ್ಮ ಮೇಷ್ಟ್ರು ಬರ್ತಿದಾರೆ, ಸುಮ್ಮನೆ ಮಾತ್ರೆ ಕೊಟ್ಟು ಕಳಿಸಬೇಡ ಎಂದು ತಾಕೀತು ಮಾಡಿದರು. ಜೊತೆಗೆ ಸ್ಕೂಟರಿರುವ ಗಣಿತದ ಮೇಷ್ಟ್ರನ್ನೂ ಕಳಿಸಿ, ಕೆಲಸ ಮುಗಿಯುವ ತನಕ ಬಿಟ್ಟು ಬರಕೂಡದು ಎಂದರು. ಮೇಷ್ಟ್ರಿಗೆ ಒಂದೇ ಸಮಾಧಾನ: ಡಾಕ್ಟರ ಕ್ಲಿನಿಕ್ಕು ಟ್ರಸ್ಟಿನ ಕಟ್ಟಡದಲ್ಲೇ, ನೆಲ ಮಹಡಿಯಲ್ಲಿತ್ತು. ಟ್ರಸ್ಟು ಅದರ ಮೇಲೆ.

ಬಾಗಿಲಲ್ಲಿ ಸ್ಕೂಟರು ನಿಂತ ಕೂಡಲೆ ಮೆಟ್ಟಿಲ ಕಡೆ ನುಗ್ಗಬೇಕೆಂದು ಅವರು ಲೆಕ್ಕ ಹಾಕಿದ್ದರು. ಆದರೆ ಡಾಕ್ಟರು ಅಕ್ಕನ ಮಾತಿಗೆ ಹೆದರುವವರು, ಬಾಗಿಲಲ್ಲೇ ಕಾಯುತ್ತಿದ್ದರು. ಕೈ ಹಿಡಿದು ಒಳಗೆ ಕರೆದೊಯ್ದು ಕುರ್ಚಿಯಲ್ಲಿ ಮಲಗಿಸಿ ಯಾವ ಹಲ್ಲು ಎಂದು ಕೇಳಿದರು. ಮೇಷ್ಟ್ರು ಬಾಯಿಗೆ ಬಂದದ್ದನ್ನು ಹೇಳುವ ಹಾಗೆ ಬೆರಳಿಗೆ ಸಿಕ್ಕಿದ ಹಲ್ಲನ್ನು ತೋರಿಸಿದರು. ಡಾಕ್ಟರು ತಟ್ಟಿದರು. ನೋಯಲಿಲ್ಲ. ನೋವಿಲ್ಲ ಅಂದರೆ ಒಳಗಿನ ನರವೇ ಸತ್ತಿದೆ, ಇದು ಇನ್ನೂ ಅಪಾಯ ಎಂದು ಹೇಳಿ, ಬೇಡ ಎನ್ನಲು ಮೇಷ್ಟ್ರು ಬಾಯಿ ತೆರೆದದ್ದನ್ನೇ ಅನುಕೂಲ ಮಾಡಿಕೊಂಡು ಸೂಜಿ ಚುಚ್ಚಿಬಿಟ್ಟರು. ಮರಗಟ್ಟಲು ಸ್ವಲ್ಪ ಹೊತ್ತು ಬೇಕು, ಹೊರಗೆ ಕೂತಿರಿ ಎಂದರು.

ಹೊರಗಿನ ಬೆಂಚಿನ ಮೇಲೆ ಗಣಿತದ ಮೇಷ್ಟ್ರು ಹಳೆಯ ವಾರಪತ್ರಿಕೆಯ ಪದಬಂಧದಲ್ಲಿ ಮುಳುಗಿದ್ದರು. ಗ್ಲೋಬ್ ಮೇಷ್ಟ್ರು ಬೆಕ್ಕಿನ ಹೆಜ್ಜೆ ಇಡುತ್ತಾ ಅವರನ್ನು ದಾಟಿ ಮೆಟ್ಟಿಲು ಹತ್ತಿದರು. ಅರ್ಧ ಹತ್ತುವಷ್ಟರಲ್ಲಿ ಕೆಳತುಟಿ ತಮ್ಮದಲ್ಲ ಎನಿಸಿತು. ಮೇಲೆ ತಲುಪುವಷ್ಟರಲ್ಲಿ ನಾಲಿಗೆಯೂ ಕೈಬಿಟ್ಟಿತು.

ಟ್ರಸ್ಟಿನ ಮ್ಯಾನೇಜರು ಒಂದು ಉದ್ದನೆಯ ಮೇಜಿನ ಹಿಂದೆ ಕೂತಿದ್ದರು. ಮೇಷ್ಟ್ರು ಹೊಸ ಕವರುಗಳನ್ನು ಮುಂದೆ ಚಾಚಿ ಸಭ್ಯವಾಗಿ ವಿವರಿಸಲು ಹೋದರು. ಬಾಯಿಂದ ಬಂದದ್ದು “ವಾ ವೂ ವೋ” ಮಾತ್ರ. ಮ್ಯಾನೇಜರು ಕವರಿನ ಮೇಲಿನ ಸೀಲು ನೋಡಿದರು, ಮೇಷ್ಟ್ರ ಬಿಗಿಯಾದ ಹಳೆಯ ಪ್ಯಾಂಟು ನೋಡಿದರು, ಅವರಿಗೆ ಎಲ್ಲ ಅರ್ಥವಾಗಿಬಿಟ್ಟಿತು.

“ಆ ಶಾಲೆ ಜವಾನನೇನಯ್ಯಾ? ಪಾಪ, ಮಾತು ಬರಲ್ವಾ? ನಾನೇ ಇವತ್ತು ನಿಮ್ಮ ಆಫೀಸಿಗೆ ಬರೀಬೇಕು ಅಂತಿದ್ದೆ. ನಿನ್ನೆ ಬಂದಿರೋ ದೊಡ್ಡ ಕವರೊಳಗಿನ ಮೂರು ಪತ್ರದ ಕವರಲ್ಲೂ ಸೀಲು ತಲೆಕೆಳಗೆ. ಈಗಲಾದ್ರೂ ಬುದ್ಧಿ ಬಂತಲ್ಲ.”

ಹೀಗೆಂದು ತಾವೇ ಹಳೆಯ ಕವರುಗಳನ್ನು ಹುಡುಕಿ ತೆಗೆದು, ಹೊಸವನ್ನು ಅವುಗಳ ಜಾಗದಲ್ಲಿಟ್ಟು, ಹಳೆಯವನ್ನು ಮೇಷ್ಟ್ರ ಕೈಗೆ ಹಾಕಿದರು. ಇಪ್ಪತ್ತೊಂಬತ್ತು ವರ್ಷ ಪಾಠ ಹೇಳಿದವರನ್ನು ಜವಾನ ಎಂದರೆ ಬೇರೆ ದಿನವಾಗಿದ್ದರೆ ಬೇಸರವಾಗುತ್ತಿತ್ತು. ಇವತ್ತು ಅವರು ಜವಾನನ ಹಾಗೆಯೇ ತಲೆ ತಗ್ಗಿಸಿ, ಮೂರು ಹಳೆಯ ಕವರುಗಳನ್ನು ಜೇಬಿಗೆ ಸೇರಿಸಿ, ಸಭೆಯ ಕೋಣೆಯ ಹೊರಗಿನ ಸ್ಟೂಲಿನ ಮೇಲೆ ಕೂತರು. ಫಲಿತಾಂಶ ಗೊತ್ತಾಗದೆ ಅಲ್ಲಿಂದ ಏಳುವುದಿಲ್ಲ ಎಂದು ಮನಸ್ಸಿನಲ್ಲೇ ಹಟ ಹಿಡಿದರು. ಬಾಯಲ್ಲಿ ಹೇಳುವ ಹಾಗಿರಲಿಲ್ಲ.

ಮೂರಕ್ಕೆ ಸಮಿತಿಯ ಮೂವರು ಹಿಂದಿನ ಬಾಗಿಲಿಂದ ಒಳಗೆ ಹೋದರು. ಮೂರೂವರೆಗೆ ಮ್ಯಾನೇಜರು ಹೊರಗೆ ಬಂದು, ಕನಿಕರದಿಂದ ಮೇಷ್ಟ್ರ ಭುಜ ತಟ್ಟಿದರು.

“ನಿಮ್ಮ ಶಾಲೆಯವು ಮೂರೂ ಹೋದವಪ್ಪಾ. ಪತ್ರ ಬರೆದಿರೋ ಮೇಷ್ಟ್ರಿಗೇ ಆ ಮಕ್ಕಳ ಮೇಲೆ ನಂಬಿಕೆ ಇದ್ದ ಹಾಗೆ ಕಾಣಲ್ಲ ಅಂತ ಬರ್ಸಿದಾರೆ.”

ಮೇಷ್ಟ್ರ ಕಣ್ಣ ಮುಂದೆ ಆ ಟೈಲರ್ ಅಂಗಡಿಯ ಹೊಸ ಸ್ಟೂಲು ಬಂತು. ಆಮೇಲೆ ಅವರು ಯೋಚಿಸಲಿಲ್ಲ. ಮ್ಯಾನೇಜರು ಹಿಡಿಯುವ ಮೊದಲೇ ಬಾಗಿಲು ದೂಡಿ ಒಳಗೆ ನುಗ್ಗಿದರು.

ಒಳಗೆ ಮೇಜಿನ ಹಿಂದೆ ಮೂವರು ಕೂತಿದ್ದರು. ನಡುವೆ ಅಧ್ಯಕ್ಷೆ, ಊರಿನಲ್ಲಿ ಹೆಸರಾದ ವಕೀಲೆ. ಎಡಕ್ಕೆ ಔಷಧಿ ಅಂಗಡಿಯ ಸಾಹುಕಾರರು. ಬಲಕ್ಕೆ ನೀರು ಸರಬರಾಜಿನ ಎಂಜಿನಿಯರು. ಮೇಷ್ಟ್ರಿಗೆ ಮಕ್ಕಳ ಹೆಸರು ನೆನಪಿರುತ್ತಿರಲಿಲ್ಲ, ಅವರ ಬೆಂಚು ಮತ್ತು ನಕ್ಷೆ ಮಾತ್ರ ಎಷ್ಟು ವರ್ಷವಾದರೂ ಮರೆಯುತ್ತಿರಲಿಲ್ಲ. ಕಿಟಕಿಯ ಪಕ್ಕದ ಎರಡನೇ ಬೆಂಚಿನಲ್ಲಿ ಕೂತು, ಭೂಮಿ ತಿರುಗುವುದಕ್ಕೆ ಸಾಕ್ಷಿ ಏನು ಎಂದು ವಾದಿಸುತ್ತಿದ್ದವಳು ಈ ವಕೀಲೆ. ಸಮುದ್ರಕ್ಕೆಲ್ಲ ಹಳದಿ ಬಳಿದವನು ಈ ಔಷಧಿಯವನು. ನದಿಯನ್ನು ಬೆಟ್ಟದ ಮೇಲಕ್ಕೆ ಹರಿಸಿ ಪೆಟ್ಟು ತಿಂದವನು ಈ ಎಂಜಿನಿಯರು. ಈಗ ಅವನಿಗೆ ಅದೇ ಕೆಲಸಕ್ಕೆ ಸಂಬಳ ಕೊಡುತ್ತಿದ್ದರು.

ಮೂವರೂ ಒಟ್ಟಿಗೆ ಎದ್ದು ನಿಂತರು. ಬಾಗಿಲಲ್ಲಿದ್ದ ಮ್ಯಾನೇಜರ ಮುಖ ಬಿಳಿಚಿಕೊಂಡಿತು.

ಮೇಷ್ಟ್ರು ಕೆನ್ನೆ ತೋರಿಸಿ, ಬಾಯಿ ತೋರಿಸಿ, ಕೈಯಾಡಿಸಿದರು. ಮಾತಾಡಬೇಡಿ, ಗೊತ್ತಾಯಿತು, ಕೂತುಕೊಳ್ಳಿ ಎಂದು ವಕೀಲೆ ತಮ್ಮ ಕುರ್ಚಿಯನ್ನೇ ಬಿಟ್ಟುಕೊಟ್ಟರು. ನಿಮ್ಮ ಶಾಲೆಯ ಅರ್ಜಿ ಎಂದು ನೋಡಿ ತುಂಬ ಆಸೆಯಿಂದಲೇ ತೆಗೆದೆವು, ಆದರೆ ಮೂರು ಪತ್ರದಲ್ಲೂ ಜೀವವೇ ಇಲ್ಲ ಎಂದು ಬೇಸರದಿಂದ ಹೇಳಿದರು.

“ಒಬ್ಬರ ಬಗ್ಗೆಯಾದ್ರೂ ನೀವು ಮನಸ್ಸು ಬಿಚ್ಚಿ ಬರೆದಿರ್ತೀರಿ ಅಂತ ಕಾದೆ ಸಾರ್. ನೀವು ಹಾಗೆ ಬರೆದ್ರೆ ಅದಕ್ಕೆ ಎಷ್ಟು ತೂಕ ಅಂತ ನಂಗೆ ಗೊತ್ತು.”

“ನಂಗೂ ಗೊತ್ತು,” ಎಂದರು ಔಷಧಿಯವರು. ಎಂಜಿನಿಯರು ನನಗೂ ಎಂಬಂತೆ ತಲೆಯಾಡಿಸಿದರು.

ಮೇಷ್ಟ್ರ ಕೈ ಜೇಬಿಗೆ ಹೋಯಿತು. ಒಳಗೆ ಮೂರು ಕವರುಗಳಿದ್ದವು. ಮೂರನ್ನೂ ಇಟ್ಟರೆ ಮೂರೂ ಹೋಗುತ್ತವೆ. ಇಪ್ಪತ್ತೊಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ಅವರು ಒಂದನ್ನು ಆರಿಸಿ ಎರಡನ್ನು ಬಿಡಬೇಕಾಗಿತ್ತು. ನೆಗಡಿಯ ಹುಡುಗನ ಮುಖ ನೆನಪಾಯಿತು, ಗಟ್ಟಿ ದನಿಯವನ ಮುಖ ನೆನಪಾಯಿತು, ಎರಡೂ ಒಂದೇ ಮುಖವಾದರೂ ಎರಡು ಸಲ ಸಂಕಟವಾಯಿತು. ನಾಳೆಯೇ ಕೂತು ನಿಮ್ಮಿಬ್ಬರ ಅರ್ಜಿ ಬರೆಯುತ್ತೇನೆ ಎಂದು ಮನಸ್ಸಿನಲ್ಲೇ ಅವರಿಗೆ ಮಾತು ಕೊಟ್ಟು, ಹಲ್ಲು ಕಚ್ಚಿ, ಅಂದರೆ ಕಚ್ಚಿದ್ದು ಗೊತ್ತಾಗದಿದ್ದರೂ ಕಚ್ಚಿ, ಟೈಲರ್ ಮಗಳ ಕವರನ್ನು ಮೇಜಿನ ಮೇಲಿಟ್ಟರು.

ವಕೀಲೆ ಅದನ್ನು ಒಡೆದು ಓದಿದರು. ಕೊನೆಯ ಸಾಲಿಗೆ ಬಂದಾಗ ಅವರ ಕಣ್ಣು ಒಂದು ಗಳಿಗೆ ಅಲ್ಲೇ ನಿಂತಿತು. ಪತ್ರ ಔಷಧಿಯವರ ಕೈಗೆ ಹೋಯಿತು. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಎಂಜಿನಿಯರು ಓದಿ, ಇನ್ನು ಚರ್ಚೆ ಬೇಡ ಎಂದರು. ಮೊದಲು ಕೊಟ್ಟ ಪತ್ರ ತಪ್ಪಿ ಸೇರಿದ್ದೆಂದೂ ಇದೇ ಸರಿಯಾದದ್ದೆಂದೂ ವಕೀಲೆ ಬರೆಸಿದರು. ಮೂವರೂ ಸಹಿ ಹಾಕಿದರು. ಟೈಲರ್ ಮಗಳು ಕಾಲೇಜಿಗೆ ಹೋಗುವುದು ಅಲ್ಲಿಗೆ ಖಾತ್ರಿಯಾಯಿತು.

ಮೇಷ್ಟ್ರು ಕೈ ಮುಗಿದು ಹೊರಬಿದ್ದರು. ಅವರಿಗೆ ಸಂತೋಷದಲ್ಲಿ ಮೆಟ್ಟಿಲು ಕಾಣಿಸುತ್ತಿರಲಿಲ್ಲ. ಎರಡು ಮೆಟ್ಟಿಲು ಇಳಿಯುವಷ್ಟರಲ್ಲಿ ಹಿಂದಿನಿಂದ ವಕೀಲೆ ಬಂದು ಪಕ್ಕಕ್ಕೆ ಕರೆದು, ಸುತ್ತ ನೋಡಿ, ಬ್ಯಾಗಿನಿಂದ ಪ್ಲಾಸ್ಟಿಕ್ ಹೊದಿಕೆ ಹಾಕಿದ ಒಂದು ಹಳೆಯ ಕಾಗದ ತೆಗೆದರು. ಮೇಷ್ಟ್ರದೇ ಅಕ್ಷರ. ನನ್ನ ಎಂಟು ವರ್ಷಗಳ ಸೇವೆಯಲ್ಲಿ ಇಂಥ ವಿದ್ಯಾರ್ಥಿಯನ್ನು ನಾನು ಕಂಡಿಲ್ಲ.

“ಇದೇ ಸಾರ್ ನನ್ನ ಕಾಲೇಜಿಗೆ ಹಾಕಿದ್ದು. ಕೋರ್ಟಿನಲ್ಲಿ ಸೋತ ದಿನ ತೆಗೆದು ಓದ್ಕೊಳ್ತೀನಿ. ಈ ಹುಡುಗಿ ನನ್ನ ದಾಖಲೆ ಮುರಿದಳಲ್ಲ ಅಂತ ಸ್ವಲ್ಪ ಹೊಟ್ಟೆಕಿಚ್ಚಾಯ್ತು, ನಿಜ ಹೇಳ್ತೀನಿ. ಆದ್ರೆ ಇಪ್ಪತ್ತೊಂದು ವರ್ಷ ಯಾರೂ ಮುರಿದಿರಲಿಲ್ವಲ್ಲ, ಅಷ್ಟು ಸಾಕು.”

ಆಮೇಲೆ ದನಿ ತಗ್ಗಿಸಿ ವಿಷಯಕ್ಕೆ ಬಂದರು. ಅವರ ಮಗಳು ಬೇರೆ ಶಾಲೆಯಲ್ಲಿ ಓದುತ್ತಿದ್ದಳು, ಬೆಟ್ಟದ ಮೇಲಿನ ಕಾಲೇಜಿಗೆ ಅರ್ಜಿ ಹಾಕಿದ್ದಳು, ಸೋಮವಾರದೊಳಗೆ ಒಂದು ಶಿಫಾರಸು ಪತ್ರ ಬೇಕಿತ್ತು. ಅದೇ ವಾಕ್ಯ ಇರಲಿ ಎಂದರು. ನಾನು ಆ ಹುಡುಗಿಯನ್ನು ನೋಡಿಯೇ ಇಲ್ಲವಲ್ಲ ಎಂದು ಮೇಷ್ಟ್ರು ಕಣ್ಣಲ್ಲೇ ಕೇಳಿದರು.

“ನೋಡಿಲ್ಲ ಅಂದ್ಮೇಲೆ ಇನ್ನೂ ಒಳ್ಳೇದಾಯ್ತು. ಪತ್ರದಲ್ಲಿ ಬರೆಯೋದೂ ಅದೇ ಅಲ್ವಾ, ಇಂಥವಳನ್ನ ಕಂಡಿಲ್ಲ ಅಂತ? ಕಾನೂನು ಪ್ರಕಾರ ಸುಳ್ಳಾಗಲ್ಲ. ಆದ್ರೆ ಬೇರೆ ಯಾರಿಗೂ ಬರೆದುಕೊಡಬೇಡಿ ಸಾರ್. ಬೆಲೆ ಹೋಗಿಬಿಡುತ್ತೆ.”

ಬರೆಯುವುದಿಲ್ಲ ಎಂದು ಬೆಳಿಗ್ಗೆ ತಾವು ಮಾಡಿದ ನಿರ್ಧಾರವನ್ನು ಹೇಳಲು ಮೇಷ್ಟ್ರು ಬಾಯಿ ತೆರೆದರು. “ಊಂ” ಎಂದಿತು ಬಾಯಿ. ವಕೀಲೆ ಥ್ಯಾಂಕ್ಸ್ ಹೇಳಿ ಮೇಲೆ ಹೋದರು.

ನಡುವಿನ ತಿರುವಿನಲ್ಲಿ ಔಷಧಿಯವರು ಕಾದಿದ್ದರು. ಅವರ ಪತ್ರ ಪರ್ಸಿನಲ್ಲಿ, ಹೆಂಡತಿಯ ಫೋಟೋದ ಹಿಂದೆ ಇತ್ತು. ಹನ್ನೊಂದು ವರ್ಷಗಳ ಸೇವೆಯಲ್ಲಿ ಇಂಥವನನ್ನು ಕಂಡಿಲ್ಲ. ಅಂಗಡಿಯ ಗಲ್ಲಾದ ಮುಂದೆ ಕೂತಾಗಲೂ ಇದು ಎದೆಯ ಹತ್ತಿರವೇ ಇರುತ್ತದೆ ಎಂದು ಅವರು ಮೆತ್ತಗೆ ಹೇಳಿದರು. ಅವರ ಅಣ್ಣನ ಮಗನಿಗೂ ಬೆಟ್ಟದ ಮೇಲಿನ ಕಾಲೇಜೇ ಬೇಕಾಗಿತ್ತು. ಕೆಳಗೆ ಚಪ್ಪಲಿ ಬಿಡುವ ಜಾಗದಲ್ಲಿ ಎಂಜಿನಿಯರು ಸಿಕ್ಕಿದರು. ಅವರದು ಹದಿಮೂರು ವರ್ಷದ ಸೇವೆ. ಅಕ್ಕನ ಮಗಳು, ಅದೇ ಕಾಲೇಜು, ಅದೇ ಸೋಮವಾರ. ಒಬ್ಬೊಬ್ಬರೂ ಇನ್ನಿಬ್ಬರಿಗೆ ಗೊತ್ತಾಗಬಾರದು ಎಂದರು. ಒಬ್ಬೊಬ್ಬರಿಗೂ ಮೇಷ್ಟ್ರ ಬಾಯಿ “ಊಂ” ಎಂದಿತು. ಗಣಿತದ ಮೇಷ್ಟ್ರು ಹೇಳಿದ್ದ ಸಂಭವದ ಲೆಕ್ಕ ಮೂರಕ್ಕೆ ಮೂರೂ ಸರಿಯಾಗಿತ್ತು. ಆದರೆ ಉತ್ತರ ಎಲ್ಲಿ ಉಲ್ಟಾ ಹೊಡೆಯಿತು ಎಂದು ಗ್ಲೋಬ್ ಮೇಷ್ಟ್ರಿಗೆ ತಿಳಿಯಲಿಲ್ಲ.

ಅಷ್ಟರಲ್ಲಿ ಆ ಗಣಿತದ ಮೇಷ್ಟ್ರೇ ಎದುರಾದರು. ಒಂದು ತಾಸಿನಿಂದ ಬೀದಿಯಲ್ಲೆಲ್ಲ ಹುಡುಕಿ ಅವರ ಮುಖ ಕೆಂಪಾಗಿತ್ತು. ಹಲ್ಲು ಕೀಳಿಸಲು ಹೆದರಿ ಓಡಿಹೋದಿರಲ್ಲ, ಇಷ್ಟು ವಯಸ್ಸಾಗಿದೆ ಎಂದು ರಟ್ಟೆ ಹಿಡಿದು ಒಳಗೆ ತಳ್ಳಿದರು. ಡಾಕ್ಟರು ಇನ್ನೊಂದು ಸೂಜಿ ಚುಚ್ಚಿ, ಗಟ್ಟಿಯಾಗಿ ಬೇರು ಬಿಟ್ಟಿದ್ದ ಒಂದು ಹಲ್ಲನ್ನು ಇಪ್ಪತ್ತು ನಿಮಿಷ ಎಳೆದು ಕಿತ್ತರು. ಕಿತ್ತ ಮೇಲೆ ಬೆಳಕಿಗೆ ಹಿಡಿದು, ಇಷ್ಟು ಒಳ್ಳೆಯ ಹಲ್ಲನ್ನು ಈಚೆಗೆ ನಾನು ಕಂಡಿಲ್ಲ ಎಂದು ಮೆಚ್ಚಿಕೊಂಡು ಪೊಟ್ಟಣ ಕಟ್ಟಿ ಕೊಟ್ಟರು.

ಬಾಯಿತುಂಬ ಹತ್ತಿ ಇಟ್ಟುಕೊಂಡು ಮೇಷ್ಟ್ರು ಶಾಲೆಗೆ ಬಂದಾಗ ಐದಕ್ಕೆ ಸ್ವಲ್ಪ ಕಡಿಮೆಯಿತ್ತು. ಗೇಟಿನಲ್ಲಿ ಟೈಲರ್ ಮಗಳು ನಿಂತಿದ್ದಳು. ಅಂಗಡಿಯಿಂದ ಹಾಗೇ ಓಡಿಬಂದಿದ್ದಳು, ಕೊರಳಲ್ಲಿ ಅಳತೆ ಟೇಪು ಇನ್ನೂ ನೇತಾಡುತ್ತಿತ್ತು. ಮೇಷ್ಟ್ರು ಡಾಕ್ಟರ ಚೀಟಿಯ ಹಿಂದೆ ಒಂದೇ ಪದ ಬರೆದು ಅವಳ ಕೈಗೆ ಕೊಟ್ಟರು: ‘ಕಾಲೇಜು’.

ಅವಳು ಅದನ್ನು ಎರಡು ಸಲ ಓದಿದಳು. ಆಮೇಲೆ ಕೊರಳಿನ ಟೇಪು ತೆಗೆದು, ಸುತ್ತಿ, ಜೇಬಿಗೆ ಹಾಕಿಕೊಂಡಳು. “ಅಪ್ಪಂಗೆ ಹೇಳಿ ಬರ್ತೀನಿ ಸಾರ್,” ಎಂದಳು. ಮೂಲೆ ತಿರುಗುವ ತನಕ ನಡೆದಳು, ತಿರುಗಿದ ಮೇಲೆ ಓಡಿದ ಸದ್ದು ಕೇಳಿಸಿತು. ಮೇಷ್ಟ್ರ ಕಣ್ಣಲ್ಲಿ ನೀರು ಬಂತು. ನೋವು ಜಾಸ್ತಿಯಾಗಿದೆ, ಮಾತ್ರೆ ನುಂಗಿ ಎಂದರು ಗಣಿತದ ಮೇಷ್ಟ್ರು.

ಒಂದು ಹಲ್ಲಿಗೆ ಒಂದು ಕಾಲೇಜು, ನಷ್ಟವೇನಿಲ್ಲ ಎಂದುಕೊಂಡು ಮೇಷ್ಟ್ರು ಆಫೀಸಿಗೆ ಹೋದರು. ಸೋಮವಾರಕ್ಕೆ ಇನ್ನು ಎರಡೇ ದಿನವಿತ್ತು. ಶಾಲೆಯ ಹೆಸರಿರುವ ಮೂರು ಹಾಳೆ ಬೇಕು ಎಂದು ಗುಮಾಸ್ತರಿಗೆ ಬರೆದು ತೋರಿಸಿದರು. ಗುಮಾಸ್ತರಿಗೆ ಬೆಳಗಿನಿಂದ ತಾವೇ ತಪ್ಪಿತಸ್ಥರೆಂದು ಅನಿಸುತ್ತಿತ್ತು. ಏನಾದರೂ ಮಾಡಿ ಮೇಷ್ಟ್ರ ಋಣ ತೀರಿಸಬೇಕೆಂದು ಅವರು ಕಾದಿದ್ದರು. ಹಾಳೆಗಳನ್ನು ಕೊಟ್ಟು, ಪತ್ರ ಎಲ್ಲಿಗೆ ಎಂದು ಕೇಳಿದರು. ಮೇಷ್ಟ್ರು ಬೆಟ್ಟದ ಮೇಲಿನ ಕಾಲೇಜು ಎಂದು ಬರೆದರು. ಮೂರೂನಾ ಎಂದರು ಗುಮಾಸ್ತರು. ಮೇಷ್ಟ್ರು ತಲೆಯಾಡಿಸಿದರು.

ಗುಮಾಸ್ತರ ಮುಖ ಅರಳಿತು. ಡ್ರಾಯರಿನಿಂದ ದೊಡ್ಡದೊಂದು ಖಾಕಿ ಕವರು ತೆಗೆದು, ಸೀಲನ್ನು ತಲೆಕೆಳಗಾಗಿ ಒತ್ತಿಟ್ಟರು.

“ನೀವು ಮನೆಗೆ ಹೋಗಿ ಮಲಗಿ ಮೇಷ್ಟ್ರೇ, ನಿಧಾನವಾಗಿ ಬರೆದು ಕೊಡಿ. ಮೂರೂ ಒಂದೇ ಕವರಿಗೆ ಹಾಕಿ ನಾನೇ ಕೊಟ್ಟು ಬರ್ತೀನಿ.”

ಬೇಡ ಎನ್ನಲು ಮೇಷ್ಟ್ರು ಬಾಯಿ ತೆರೆದರು.

“ಊಂ,” ಎಂದಿತು ಬಾಯಿ.